ಕ್ಯಾಷ್ ಕೌಂಟರಿಗಿಂತ ಮೊದಲು ಆರೋಗ್ಯಮಿತ್ರರ ಮೇಜು: ಆಯುಷ್ಮಾನ್ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗುವುದು ಹೇಗೆ

2019ರಲ್ಲಿ ನಮ್ಮತ್ತೆಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಒಂದು ರಾತ್ರಿ ಹೊಟ್ಟೆನೋವು ಅಂತ ಒದ್ದಾಡಿಬಿಟ್ಟರು. ಬೆಳಗಾಗುತ್ತಲೇ ಯಾರೋ ಹೇಳಿದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೌಂಟರಿನಲ್ಲಿ 20,000 ಅಡ್ವಾನ್ಸ್ ಅಂದರು, ಕಟ್ಟಿದೆವು. ಆಪರೇಷನ್ ಆಯಿತು. ಮೂರನೇ ದಿನ ಕ್ಯಾಂಟೀನಿನಲ್ಲಿ ಪಕ್ಕದ ಬೆಡ್ಡಿನವರ ಮಗ ಸಿಕ್ಕಿದ. "ಅಕ್ಕ, ನಿಮ್ಮದು ಬಿಪಿಎಲ್ ಕಾರ್ಡ್ ಇಲ್ವಾ? ನಮ್ಮ ಹತ್ರ ಒಂದು ರೂಪಾಯಿನೂ ಕೇಳಿಲ್ಲ" ಅಂದ. ನನ್ನ ಪರ್ಸಿನಲ್ಲೇ ರೇಷನ್ ಕಾರ್ಡ್ ಇತ್ತು. ಓಡಿಹೋಗಿ ಕೌಂಟರಿನಲ್ಲಿ ಕೇಳಿದರೆ ಅಲ್ಲಿದ್ದ ಹುಡುಗಿ ತಲೆ ಎತ್ತದೆ ಹೇಳಿದಳು, "ಮೊದಲೇ ಹೇಳ್ಬೇಕಿತ್ತಲ್ವಾ ಮೇಡಂ? ಈಗ ಕ್ಯಾಷ್ ಪೇಷಂಟ್ ಅಂತ ಎಂಟ್ರಿ ಆಗಿಹೋಗಿದೆ."

ಒಟ್ಟು ಬಿಲ್ಲು 62,000. ಅತ್ತೆಯ ಎರಡೆಳೆ ಸರ ಅಡ ಇಟ್ಟೆವು. ಬಿಡಿಸಿಕೊಳ್ಳೋಕೆ ಎರಡು ವರ್ಷ ಬೇಕಾಯಿತು.

ಆಮೇಲೆ ನಾನೇ ಹೋಬಳಿಯಲ್ಲಿ ಗ್ರಾಮ ಒನ್ ಕೇಂದ್ರ ಹಾಕಿಕೊಂಡೆ. ಈಗ ದಿನಕ್ಕೆ ನಾಲ್ಕೈದು ಜನ ಆಯುಷ್ಮಾನ್ ಕಾರ್ಡ್ ಮಾಡಿಸೋಕೆ ಬರುತ್ತಾರೆ. ಪ್ರಿಂಟ್ ತೆಗೆದುಕೊಂಡು, ಮಡಚಿ ಜೇಬಿಗೆ ಹಾಕಿಕೊಂಡು, ಕೆಲಸ ಮುಗಿಯಿತು ಅಂತ ಹೊರಡುತ್ತಾರೆ. ಅವರನ್ನು ಕೂರಿಸಿಕೊಂಡು ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರಿಗೆ ಎಷ್ಟು

ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಅಂತ ಯೋಜನೆ ಶುರುವಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್‌ನಲ್ಲಿ ಎರಡನ್ನೂ ಸೇರಿಸಿದರು. ಅದಕ್ಕೇ ಹೆಸರು ರೈಲಿನಷ್ಟು ಉದ್ದ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಜನ ಮಾತ್ರ ಆಯುಷ್ಮಾನ್ ಕಾರ್ಡ್ ಅಂತಲೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ.

ಬಿಪಿಎಲ್ ಅಥವಾ ಅಂತ್ಯೋದಯ ರೇಷನ್ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 5 ಲಕ್ಷದವರೆಗೆ. ತಲೆಗೆ 5 ಲಕ್ಷ ಅಲ್ಲ, ಮನೆಗೆ. ಹಳೇ ಕಾಯಿಲೆ ಇದ್ದರೂ ಅಡ್ಡಿ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ.

ಎಪಿಎಲ್‌ನವರಿಗೆ ಮತ್ತು ರೇಷನ್ ಕಾರ್ಡೇ ಇಲ್ಲದವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ದಾಟುವಂತಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಶೇ. 30 ಅನ್ನುವುದು ಆಸ್ಪತ್ರೆಯ ಬಿಲ್ಲಿನ ಮೇಲಲ್ಲ, ಸರ್ಕಾರ ಆ ಚಿಕಿತ್ಸೆಗೆ ಗೊತ್ತು ಮಾಡಿದ ದರದ ಮೇಲೆ. ಪ್ಯಾಕೇಜ್ 1 ಲಕ್ಷ ಅಂತಿದ್ದರೆ ಸರ್ಕಾರದ್ದು 30,000, ಉಳಿದದ್ದು ನಿಮ್ಮ ಕೈಯಿಂದ. ಮೇಷ್ಟರೊಬ್ಬರು ನಮ್ಮ ಕೇಂದ್ರಕ್ಕೆ ಬಂದು "ಮತ್ತೆ ಇದನ್ನ ಉಚಿತ ಚಿಕಿತ್ಸೆ ಅಂತ ಯಾಕಮ್ಮ ಕೂಗ್ತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿವೆ. ಆದರೆ ಒಪಿಡಿ ಇಲ್ಲ. ಅಂದರೆ ಜ್ವರ ಅಂತ ಹೋಗಿ ಚೀಟಿ ಬರೆಸಿ ಮಾತ್ರೆ ತಗೊಂಡು ಬರುವುದಕ್ಕೆ ಈ ಕಾರ್ಡ್ ನಡೆಯುವುದಿಲ್ಲ, ಅಡ್ಮಿಟ್ ಆಗಿ ತೆಗೆದುಕೊಳ್ಳುವ ಚಿಕಿತ್ಸೆಗಷ್ಟೇ. ನನ್ನ ಕೇಳಿದರೆ ಬಡವರ ದುಡ್ಡು ಸೋರುವುದು ಅಲ್ಲೇ. ಆಪರೇಷನ್ ಜೀವಮಾನಕ್ಕೆ ಒಂದು ಸಲ, ಬಿಪಿ-ಶುಗರ್ ಮಾತ್ರೆ ತಿಂಗಳು ತಿಂಗಳೂ ಬೇಕು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಿಪಿ-ಶುಗರ್ ಮಾತ್ರೆ ಅಲ್ಲಿ ಪುಕ್ಕಟೆ ಕೊಡುತ್ತಾರೆ. ಸ್ಟಾಕ್ ಇಲ್ಲ ಅಂದರೆ ಜನೌಷಧಿ ಅಂಗಡಿ. ನಾಚಿಕೆ ಪಟ್ಟುಕೊಂಡು ದೊಡ್ಡ ಮೆಡಿಕಲ್ಲಿನಲ್ಲೇ ತಗೊಳ್ಳುವವರು ನಮ್ಮೂರಿನಲ್ಲಿ ಇನ್ನೂ ಇದ್ದಾರೆ.

ಆರೋಗ್ಯ ಚೆನ್ನಾಗಿರುವಾಗ ಮಾಡುವ ಕೆಲಸ

ಕಾರ್ಡ್ ಮಾಡಿಸೋಕೆ ಆಧಾರ್, ರೇಷನ್ ಕಾರ್ಡ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಾಕು. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಎಲ್ಲಿ ಬೇಕಾದರೂ ಆಗುತ್ತದೆ. ಫೋನ್ ಬಳಕೆ ಗೊತ್ತಿರುವವರು ಆಯುಷ್ಮಾನ್ ಆ್ಯಪ್‌ನಲ್ಲಿ ತಾವೇ ಮಾಡಿಕೊಳ್ಳಬಹುದು. ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್. ಯಜಮಾನರದ್ದೊಂದು ಮಾಡಿಸಿದರೆ ಸಾಕು ಅಂದುಕೊಳ್ಳಬೇಡಿ.

ನಿಜವಾದ ತಲೆನೋವು ಹೆಸರಿನದು. ನಮ್ಮ ಮಾವನ ಆಧಾರ್‌ನಲ್ಲಿ ಹೆಸರಿನ ಕೊನೆಗೆ ಗೌಡ ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ. ಹುಟ್ಟಿದ ವರ್ಷವೂ ನಾಲ್ಕು ವರ್ಷ ಹೆಚ್ಚುಕಮ್ಮಿ. ಇ-ಕೆವೈಸಿ ಮಾಡಿದಾಗ ಹೊಂದಾಣಿಕೆ ಆಗಲಿಲ್ಲ, ಅರ್ಜಿ ಹಾಗೇ ಕೂತುಬಿಟ್ಟಿತು. ಸರಿಮಾಡಿಸೋಕೆ ಆಧಾರ್ ಕೇಂದ್ರಕ್ಕೆ ಎರಡು ಸಲ, ಆಹಾರ ಇಲಾಖೆಗೆ ಮೂರು ಸಲ. ಒಂದೂವರೆ ತಿಂಗಳು ಹಿಡಿಯಿತು. ಮಾವ "ನಾನೇನು ಸಾಯೋಕೆ ಬಿದ್ದಿದ್ದೀನಾ, ಯಾಕಿಷ್ಟು ಓಡಾಡ್ತೀಯಾ" ಅಂತ ಬೈದರು. ಅದು 2023ರ ಮಾತು. ಮುಂದಿನ ವರ್ಷ ಏನಾಯಿತು ಅಂತ ಕೆಳಗೆ ಹೇಳುತ್ತೇನೆ.

ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಹುಟ್ಟಿದ ಮಗು, ಇವರ ಹೆಸರು ರೇಷನ್ ಕಾರ್ಡಿನಲ್ಲಿ ಸೇರಿದೆಯೋ ಇಲ್ಲವೋ ನೋಡಿ. ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇರುವುದು ಜಾಸ್ತಿ. ಎಂಟು ತಿಂಗಳ ಬಸುರಿಯನ್ನು ಕರೆದುಕೊಂಡು ಬಂದು "ಇವತ್ತೇ ಸೇರಿಸಿಕೊಡಿ" ಅಂದರೆ ನಾನು ಏನು ಮಾಡಲಿ?

ಇನ್ನೊಂದು, ರೇಷನ್ ಕಾರ್ಡ್ ಜೀವಂತ ಇದೆಯಾ ಅಂತ ಆಗಾಗ ನೋಡಿಕೊಳ್ಳಿ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ ರಾಜ್ಯದ ತುಂಬಾ ಗಲಾಟೆ ಎದ್ದಿದ್ದು ನೆನಪಿರಬಹುದು. ಕಾರ್ಡ್ ಎಪಿಎಲ್ ಆಗಿರುವ ಸುದ್ದಿ ನ್ಯಾಯಬೆಲೆ ಅಂಗಡಿಯಲ್ಲಿ ಗೊತ್ತಾದರೆ ಅಕ್ಕಿ ಹೋಗುತ್ತದೆ, ಆಸ್ಪತ್ರೆಯಲ್ಲಿ ಗೊತ್ತಾದರೆ ಲಕ್ಷ ಹೋಗುತ್ತದೆ.

ರೆಫರಲ್ ಚೀಟಿ

ನಾವು 2019ರಲ್ಲಿ ಮಾಡಿದ ಎರಡನೇ ತಪ್ಪು ಇದು. ಈ ಯೋಜನೆಯಲ್ಲಿ ಮೊದಲ ಬಾಗಿಲು ಸರ್ಕಾರಿ ಆಸ್ಪತ್ರೆಯದು. ಅಲ್ಲಿ ಆಗುವ ಚಿಕಿತ್ಸೆ ಅಲ್ಲೇ. ಆಗದೇ ಇದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ, ಆಗ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ನೇರವಾಗಿ ಖಾಸಗಿಯಲ್ಲಿ ಅಡ್ಮಿಟ್ ಆಗಿ, ಆಮೇಲೆ ಯಾರನ್ನೋ ಹಿಡಿದು ಚೀಟಿ ತರಿಸುತ್ತೇವೆ ಅಂದರೆ ನಡೆಯುವುದಿಲ್ಲ.

ಈ ನಿಯಮಕ್ಕೆ ಜನ ಶಾಪ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಈಗ ಸ್ವಲ್ಪ ಬೇರೆ ಅನಿಸುತ್ತದೆ. ಎಲ್ಲರನ್ನೂ ನೇರ ಖಾಸಗಿಗೆ ಬಿಟ್ಟಿದ್ದರೆ ತಾಲ್ಲೂಕು ಆಸ್ಪತ್ರೆಗೆ ಇಷ್ಟು ಹೊತ್ತಿಗೆ ಬೀಗ ಬೀಳುತ್ತಿತ್ತೇನೋ. ಅತ್ತೆಯ ಆಪರೇಷನ್ ಕೂಡ ಜಿಲ್ಲಾ ಆಸ್ಪತ್ರೆಯಲ್ಲೇ ಮಾಡುತ್ತಿದ್ದರಂತೆ, ನಾವು ಆ ಕಡೆ ತಲೆ ಹಾಕಲೇ ಇಲ್ಲ. ನಿಯಮ ತಪ್ಪಲ್ಲ. ಅದನ್ನು ಜನರಿಗೆ ಮುಂಚೆ ಹೇಳುವವರು ಯಾರೂ ಇಲ್ಲ, ಅದು ತಪ್ಪು. ಬಸ್ ಸ್ಟ್ಯಾಂಡಿನ ಬ್ಯಾನರಿನಲ್ಲಿ 5 ಲಕ್ಷ ಅಂತ ದಪ್ಪ ಅಕ್ಷರ ಇರುತ್ತದೆ, ರೆಫರಲ್ ಅನ್ನುವ ಪದ ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗುವುದಿಲ್ಲ.

ಚೀಟಿ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ, ಕಾಯಿಲೆ ಮತ್ತು ಆಗಬೇಕಾದ ಚಿಕಿತ್ಸೆ ಬರೆದಿದ್ದಾರಾ, ಡಾಕ್ಟರ ಸಹಿ, ಸೀಲು, ತಾರೀಖು ಇದೆಯಾ. "ಮುಂದಿನ ಚಿಕಿತ್ಸೆಗಾಗಿ" ಅಂತ ಸುಮ್ನೆ ಒಂದು ಸಾಲು ಗೀಚಿ ಕೊಟ್ಟರೆ ಬಿಡಬೇಡಿ, ಬಿಡಿಸಿ ಬರೆಯಿರಿ ಅಂತ ಕೇಳಿ. ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ನೀವೇ ಆರಿಸಿಕೊಳ್ಳಬಹುದು. ಆ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ, ನಿಮ್ಮ ಕಾಯಿಲೆಗೆ ಇದೆಯಾ, ಎರಡೂ ಕೇಳಿ. ಕಣ್ಣಿಗೆ ಮಾತ್ರ ನೋಂದಣಿ ಇರುವ ಆಸ್ಪತ್ರೆಗೆ ಮೂಳೆ ಮುರಿದವರನ್ನು ಕರೆದುಕೊಂಡು ಹೋದವರನ್ನು ನೋಡಿದ್ದೇನೆ. 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಎರಡಕ್ಕೂ ದುಡ್ಡು ಹೋಗುವುದಿಲ್ಲ.

ತುರ್ತು ಅಂದರೆ ಈ ಲೆಕ್ಕ ಬೇರೆ. ಪಟ್ಟಿಯಲ್ಲಿ 169 ತುರ್ತು ಚಿಕಿತ್ಸೆಗಳಿವೆ, ಅವಕ್ಕೆ ರೆಫರಲ್ ಬೇಕಿಲ್ಲ. ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ನಮಗೆ ತುರ್ತು ಅನಿಸಿದ್ದೆಲ್ಲ ಆ ಪಟ್ಟಿಯಲ್ಲಿ ಇರುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ.

ಮಾವನ ರಾತ್ರಿ

2024ರಲ್ಲಿ, ಕಾಯಿ ಕೀಳಿಸಿದ ದಿನ. ರಾತ್ರಿ ಹತ್ತೂವರೆಗೆ ಮಾವ ಜಗಲಿಯಲ್ಲಿ ಎದೆ ಒತ್ತಿಕೊಂಡು ಕೂತಿದ್ದರು. "ಗ್ಯಾಸು, ಒಂದು ಸೋಡಾ ತರಿಸು" ಅಂದರು. ಅಂಗಿ ಪೂರ್ತಿ ಬೆವರಿನಲ್ಲಿ ಒದ್ದೆ. ಸೋಡಾ ತರಿಸಲಿಲ್ಲ, 108ಕ್ಕೆ ಫೋನ್ ಮಾಡಿದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಡ್ಯೂಟಿ ಡಾಕ್ಟರು ಆ ಪಟ್ಟಿಯ ಫೋಟೋ ಹೊಡೆದು ಯಾರಿಗೋ ಕಳಿಸಿದರು, ಉತ್ತರ ಬಂದ ಮೇಲೆ ಒಂದು ಇಂಜೆಕ್ಷನ್ ಕೊಟ್ಟರು. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಅದು. ಹೊರಗೆ ಕೊಂಡರೆ ಸಾವಿರಗಟ್ಟಲೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ಪುಕ್ಕಟೆ ಕೊಡುತ್ತಾರೆ. ಎದೆನೋವು ಅಂದಾಗ ಹತ್ತಿರದ ತಾಲ್ಲೂಕು ಆಸ್ಪತ್ರೆ ದಾಟಿ ನೇರ ಬೆಂಗಳೂರಿಗೋ ಮೈಸೂರಿಗೋ ಕಾರು ಓಡಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ. ದಾರಿಯಲ್ಲಿ ಹೋಗುವ ಎರಡು ಗಂಟೆ ಮತ್ತೆ ಬರುವುದಿಲ್ಲ.

ಅಲ್ಲಿಂದ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ನನ್ನ ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಮಾವನ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಪ್ರತಿಯೊಂದರ ಮೂರು ಮೂರು ಜೆರಾಕ್ಸ್, ಇಸಿಜಿ ಪಟ್ಟಿ, ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು ಅಂತ ಬರೆದ ಚೀಟಿ. ಈ ಕವರು ಬಾಗಿಲ ಹಿಂದಿನ ಮೊಳೆಗೆ ಯಾವಾಗಲೂ ನೇತಾಡುತ್ತಿರುತ್ತದೆ. ಆಸ್ಪತ್ರೆ ಬಾಗಿಲಲ್ಲಿ ಇಳಿದ ತಕ್ಷಣ, ಹೆಸರು ಹೇಳುವ ಮೊದಲೇ "ಆಯುಷ್ಮಾನ್ ಕಾರ್ಡ್ ಇದೆ" ಅಂದೆ. ಮಾವನನ್ನು ಒಳಗೆ ಕರೆದುಕೊಂಡು ಹೋದರು, ನನ್ನ ಗಂಡ ಜೊತೆಗೆ ಹೋದರು, ನಾನು ಆರೋಗ್ಯಮಿತ್ರರ, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರ ಮೇಜಿಗೆ.

ಈ ಮೇಜು ಯೋಜನೆಗೆ ಸೇರಿದ ಪ್ರತಿ ಆಸ್ಪತ್ರೆಯಲ್ಲೂ ಇರುತ್ತದೆ. ಕೆಲವು ಕಡೆ ಬಾಗಿಲಲ್ಲೇ, ಕೆಲವು ಕಡೆ ಮೆಟ್ಟಿಲ ಕೆಳಗೆ ಯಾರಿಗೂ ಕಾಣದ ಮೂಲೆಯಲ್ಲಿ. ಕಾಣದಿದ್ದರೆ ಸೆಕ್ಯುರಿಟಿಯವರನ್ನು ಕೇಳಿ, ರಿಸೆಪ್ಷನ್ನಿನವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆರೋಗ್ಯಮಿತ್ರರು ಕಾರ್ಡ್ ಪರಿಶೀಲಿಸಿ, ಬೆರಳಚ್ಚು ಅಥವಾ ಒಟಿಪಿ ತೆಗೆದುಕೊಂಡು ರೋಗಿಯನ್ನು ಯೋಜನೆಯಡಿ ಸೇರಿಸುತ್ತಾರೆ. ಆಮೇಲೆ ಆಸ್ಪತ್ರೆಯವರು ವರದಿಗಳನ್ನು ಏರಿಸಿ ಟ್ರಸ್ಟಿನಿಂದ ಪೂರ್ವಾನುಮತಿ ಪಡೆಯಬೇಕು. ಇದಕ್ಕೆ ಜನ ಅಪ್ರೂವಲ್ ಅನ್ನುತ್ತಾರೆ. ತುರ್ತು ಇಲ್ಲದ ಆಪರೇಷನ್ನಿಗೆ ಅಪ್ರೂವಲ್ ಬರುವ ತನಕ ಕಾಯಬೇಕು. ಕಾಯುವಾಗ "ಅಲ್ಲಿತನಕ ಸ್ವಲ್ಪ ಅಡ್ವಾನ್ಸ್ ಕಟ್ಟಿರಿ, ಆಮೇಲೆ ವಾಪಸ್ ಕೊಡ್ತೀವಿ" ಅಂದರೆ ಒಪ್ಪಬೇಡಿ. ಆರೋಗ್ಯಮಿತ್ರರ ಮುಂದೆಯೇ ಕೇಳಿ, ಇದು ಯಾವ ಬಾಬ್ತಿಗೆ ಅಂತ.

ಮಾವನಿಗೆ ಒಂದು ಸ್ಟೆಂಟ್ ಹಾಕಿದರು. ಐದನೇ ದಿನ ಮನೆಗೆ ಬಂದೆವು. ನಮ್ಮ ಕೈಯಿಂದ ಹೋದದ್ದು ಗಂಡನ ಊಟ, ಬಸ್ ಚಾರ್ಜು, ಒಂದು ಜೊತೆ ಚಪ್ಪಲಿ. ಚಪ್ಪಲಿ ವಾರ್ಡಿನ ಹೊರಗೆ ಕಳೆದುಹೋಯಿತು.

ದುಡ್ಡು ಕೇಳಿದರೆ

ಪ್ಯಾಕೇಜ್ ಅಂದರೆ ಡಾಕ್ಟರ ಫೀಸು, ಪರೀಕ್ಷೆ, ಔಷಧಿ, ಒಳಗೆ ಹಾಕುವ ರಾಡು, ಸ್ಟೆಂಟು, ಜನರಲ್ ವಾರ್ಡಿನ ಬೆಡ್ಡು, ರೋಗಿಯ ಊಟ ಎಲ್ಲ ಸೇರಿ. ಅಡ್ಮಿಟ್ ಆಗುವ ಮುಂಚಿನ 3 ದಿನದ ಪರೀಕ್ಷೆ, ಔಷಧಿ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧಿ ಕೂಡ ಇದರಲ್ಲೇ ಬರುತ್ತದೆ. ಈ 15 ದಿನದ ಮಾತು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮನೆಗೆ ಹೊರಡುವಾಗ ಔಷಧಿ ಕೈಗೆ ಬಂತಾ ಅಂತ ನೋಡಿಕೊಂಡೇ ಕುರ್ಚಿಯಿಂದ ಏಳಿ.

ದುಡ್ಡು ಕೇಳುವವರು ನೇರವಾಗಿ ಕೇಳುವುದಿಲ್ಲ. ಸ್ಪೆಷಲ್ ವಾರ್ಡ್ ಕೊಡ್ತೀವಿ, ಅಜ್ಜಿಗೆ ಆರಾಮಾಗಿರುತ್ತೆ ಅನ್ನುತ್ತಾರೆ. ಒಪ್ಪಿದಿರೋ, ಯೋಜನೆ ಕೈಬಿಟ್ಟ ಹಾಗೆ. ಕಾರ್ಡಿನಲ್ಲಿ ಬರೋದು ಸಾದಾ ಸ್ಟೆಂಟು, ಒಳ್ಳೇದು ಬೇಕಾದರೆ ಮೇಲೆ ಕೊಡಿ ಅನ್ನುತ್ತಾರೆ. ಸ್ಟೆಂಟಿನ ಬೆಲೆಗೆ 2017ರ ಫೆಬ್ರವರಿಯಲ್ಲೇ ಕೇಂದ್ರ ಸರ್ಕಾರ ಮಿತಿ ಹಾಕಿದೆ, ಆ ಮಾತು ಎತ್ತಿ ನೋಡಿ, ದನಿ ಸ್ವಲ್ಪ ತಗ್ಗುತ್ತದೆ. ಇನ್ನು ಎಲ್ಲಕ್ಕಿಂತ ಜಾಸ್ತಿ ನಡೆಯುವುದು, ನರ್ಸ್ ಕೈಲಿ ಒಂದು ಚೀಟಿ ಕೊಟ್ಟು "ಇದು ನಮ್ಮ ಫಾರ್ಮಸಿಯಲ್ಲಿ ಇಲ್ಲ, ಹೊರಗಿಂದ ತನ್ನಿ" ಅನ್ನುವುದು.

ಆಗ ಜಗಳ ಬೇಡ. ರೋಗಿ ಒಳಗಿದ್ದಾನೆ, ಜಗಳ ಆಡೋಕೆ ಆಗುವುದೂ ಇಲ್ಲ. ಮೊದಲು ಆರೋಗ್ಯಮಿತ್ರರಿಗೆ ಚೀಟಿ ತೋರಿಸಿ. ಅವರು ನುಣುಚಿಕೊಂಡರೆ ಅಲ್ಲಿಂದಲೇ 104ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಬರೆದುಕೊಳ್ಳಿ. ಜಿಲ್ಲೆಗೊಬ್ಬ ಯೋಜನೆಯ ಸಂಯೋಜಕರು ಇರುತ್ತಾರೆ, ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ, ಬರೆಯೋಕೆ ಕಷ್ಟವಾದರೂ ಬರೆಯುತ್ತೇನೆ. ರೋಗಿ ತೀರಿಕೊಂಡರೆ ಬಿಲ್ ಬಾಕಿ ಇದೆ ಅಂತ ಹೆಣ ಇಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು, ದೇಹ ಕೊಡಲೇಬೇಕು.

ಕೊಡಲೇಬೇಕಾದ ಪರಿಸ್ಥಿತಿ ಬಂದರೆ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಫೋನ್‌ಪೇ, ಗೂಗಲ್‌ಪೇಯಲ್ಲಿ ಆಸ್ಪತ್ರೆಯ ಖಾತೆಗೇ ಹಾಕಿ, ವಾರ್ಡ್ ಬಾಯ್ ನಂಬರಿಗೆ ಅಲ್ಲ. ಡಿಸ್ಚಾರ್ಜ್ ದಿನ ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿ. "ನಮ್ಮಿಂದ ಹಣ ಪಡೆದಿಲ್ಲ" ಅಂತ ಬರೆದ ಹಾಳೆ ಬಂದರೆ, ನಿಜವಾಗಿ ಪಡೆದಿಲ್ಲದಿದ್ದರೆ ಮಾತ್ರ ಸಹಿ.

ನಮ್ಮ ಬೀದಿಯ ಟ್ರ್ಯಾಕ್ಟರ್ ಡ್ರೈವರೊಬ್ಬರ ಮಗನಿಗೆ ಕಾಲು ಮುರಿದು ರಾಡ್ ಹಾಕಿಸಿದರು. ರೆಫರಲ್ ಸರಿಯಿತ್ತು, ಅಪ್ರೂವಲ್ಲೂ ಬಂದಿತ್ತು. ಆದರೂ ರಾಡ್ ಹೊರಗಿನದು ಅಂತ 8,500 ಕಟ್ಟಿಸಿಕೊಂಡಿದ್ದರು. ಆ ಡ್ರೈವರಣ್ಣ ಊರಿಗೆ ಬಂದ ಮೇಲೆ ನಮ್ಮ ಕೇಂದ್ರದಲ್ಲಿ ಕೂತು ಹೇಳಿದರು, ಅಂಗಡಿ ಬಿಲ್ ಅವರ ಜೇಬಿನಲ್ಲೇ ಇತ್ತು. ಇಬ್ಬರೂ ಸೇರಿ ದೂರು ಬರೆದೆವು. ಬಿಲ್, ಡಿಸ್ಚಾರ್ಜ್ ಸಮ್ಮರಿ, ಕಾರ್ಡಿನ ಜೆರಾಕ್ಸ್ ಇಟ್ಟು ಜಿಲ್ಲಾ ಸಂಯೋಜಕರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಎರಡು ಸಲ ಫೋನ್ ಮಾಡಿ ನೆನಪಿಸಿದೆ. ಸುಮಾರು ಎರಡು ತಿಂಗಳಿಗೆ ಆಸ್ಪತ್ರೆಯವರೇ ಕರೆದು 8,500 ವಾಪಸ್ ಕೊಟ್ಟರು. ಓಟಿ ಹೊರಗೆ ಯಾರದೋ ಕೈಗೆ ಕೊಟ್ಟಿದ್ದ 2,000ಕ್ಕೆ ಬಿಲ್ ಇರಲಿಲ್ಲ. ಅದು ಬರಲಿಲ್ಲ.